ಇಂಟೆಲ್ ಕೈಯಿಂದ ಚಿಪ್ ಜಾರಿದ್ದು ಎಲ್ಲಿ?

2025ರ ಆಗಸ್ಟ್ 22ರಂದು ಅಮೆರಿಕ ಸರ್ಕಾರ ಇಂಟೆಲ್‌ನ ಷೇರುದಾರ ಆಯಿತು. ಶೇ. 9.9 ಪಾಲು, ಷೇರಿಗೆ 20.47 ಡಾಲರ್, ಒಟ್ಟು 890 ಕೋಟಿ ಡಾಲರ್. ಇದಕ್ಕೆ ಅಂತ ಹೊಸದಾಗಿ ದುಡ್ಡು ತೆಗೆಯಲಿಲ್ಲ. ಅಮೆರಿಕದಲ್ಲಿ ಚಿಪ್ ತಯಾರಿಸುವವರಿಗೆ ನೆರವು ಕೊಡುವ ಚಿಪ್ಸ್ ಕಾಯ್ದೆಯಡಿ ಕೊಡುತ್ತೇವೆ ಅಂತ ಮೊದಲೇ ಒಪ್ಪಿಕೊಂಡು ಇನ್ನೂ ಕೊಟ್ಟಿರದ 570 ಕೋಟಿ ಡಾಲರ್, ರಕ್ಷಣಾ ಚಿಪ್‌ಗಳ ಯೋಜನೆಗೆ ಎತ್ತಿಟ್ಟಿದ್ದ 320 ಕೋಟಿ ಡಾಲರ್, ಇವೆರಡನ್ನೂ ಸೇರಿಸಿ ಷೇರಾಗಿ ಬದಲಿಸಿಕೊಂಡರು. ಅದೇ ತಿಂಗಳು ಜಪಾನಿನ ಸಾಫ್ಟ್‌ಬ್ಯಾಂಕ್ 200 ಕೋಟಿ ಡಾಲರ್ ಹಾಕುವುದಾಗಿ ಹೇಳಿತು. ಮುಂದಿನ ತಿಂಗಳು ಎಐ ಚಿಪ್ ಮಾಡಿಸಿ ಮಾರುವ ಎನ್ವಿಡಿಯಾ 500 ಕೋಟಿ ಡಾಲರ್ ಹಾಕುವುದಾಗಿ ಹೇಳಿತು.

ಒಂದು ಕಾಲದಲ್ಲಿ ಹತ್ತು ಪಿಸಿ ಬಿಚ್ಚಿದರೆ ಎಂಟರಲ್ಲಿ ಇಂಟೆಲ್ ಚಿಪ್ ಇರುತ್ತಿತ್ತು. ಅಂಥ ಕಂಪನಿಯನ್ನು ಎತ್ತಿ ಹಿಡಿಯಲು ಸರ್ಕಾರವೇ ಕೈ ಹಾಕಬೇಕಾಯಿತು ಅಂದರೆ ಏನೋ ದೊಡ್ಡದೇ ಆಗಿರಬೇಕು ಅಲ್ವಾ? ಯಾರನ್ನಾದರೂ ಕೇಳಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಐಫೋನ್ ಚಿಪ್ ಬೇಡ ಅಂದಿದ್ದೇ ತಪ್ಪು ಅಂತ ಕೆಲವರು. 10 ನ್ಯಾನೊಮೀಟರ್‌ ಅನ್ನುವ ತಯಾರಿಕಾ ವಿಧಾನದಲ್ಲಿ ಮುಗ್ಗರಿಸಿದ್ದು ಅಂತ ಇನ್ನು ಕೆಲವರು. ಎಐ ಬರುವುದು ಕಾಣಲಿಲ್ಲ ಅಂತ ಮತ್ತೊಬ್ಬರು. ಇವೆಲ್ಲ ನಿಜವೇ. ಆದರೆ ಇವನ್ನೆಲ್ಲ ಪೋಣಿಸುವ ಒಂದು ದಾರ ಇದೆ ಅಂತ ನನಗೆ ಅನಿಸುತ್ತದೆ. ಚಿಪ್ ತಯಾರಿಕೆಯಲ್ಲಿ ಯಾರು ಜಾಸ್ತಿ ಮಾಡುತ್ತಾರೋ ಅವರೇ ಜಾಸ್ತಿ ಕಲಿಯುತ್ತಾರೆ. ಇಂಟೆಲ್ ಎಲ್ಲರನ್ನೂ ಸೋಲಿಸಿದ್ದು ಇದೇ ಬಲದಿಂದ. ಆಮೇಲೆ ಅದೇ ಬಲ ಬೇರೆಯವರ ಕೈಗೆ ಹೋಯಿತು.

ಸುಮ್ನೆ ಹೇಳಿದರೆ ಇದು ಅರ್ಥ ಆಗುವುದಿಲ್ಲ. ಒಂದು ವೇಫರ್ ತೆಗೆದುಕೊಳ್ಳೋಣ. ವೇಫರ್ ಅಂದರೆ 300 ಮಿಲಿಮೀಟರ್ ಅಗಲದ, ಊಟದ ತಟ್ಟೆಯಷ್ಟು ದೊಡ್ಡ, ತೆಳ್ಳನೆಯ ಸಿಲಿಕಾನ್ ಬಿಲ್ಲೆ. ಅದರ ಮೇಲೆ ಸಾಲಾಗಿ ಚಿಪ್‌ಗಳನ್ನು ಮೂಡಿಸಿ ಕೊನೆಗೆ ಕತ್ತರಿಸುತ್ತಾರೆ. ಎಷ್ಟೇ ಶುದ್ಧವಾಗಿ ಕೆಲಸ ಮಾಡಿದರೂ ಅಲ್ಲೊಂದು ಇಲ್ಲೊಂದು ದೋಷ ಉಳಿಯುತ್ತದೆ. ಒಂದು ಬಿಲ್ಲೆಯ ಮೇಲೆ ಅಲ್ಲಲ್ಲಿ ಚೆಲ್ಲಿದಂತೆ 60 ದೋಷ ಇವೆ ಅಂತ ಇಟ್ಟುಕೊಳ್ಳಿ. ಅದರಿಂದ 100 ದೊಡ್ಡ ಚಿಪ್ ಮಾಡಿದರೆ ಸುಮಾರು 55 ಮಾತ್ರ ಸರಿ ಇರುತ್ತವೆ. ಅದೇ ಬಿಲ್ಲೆಯಿಂದ 600 ಸಣ್ಣ ಚಿಪ್ ಮಾಡಿದರೆ ಸುಮಾರು 540 ಸರಿ ಇರುತ್ತವೆ. ದೋಷ ಅಷ್ಟೇ, ಯಂತ್ರಗಳೂ ಅವೇ, ಬಿಲ್ಲೆಗೆ ಬಿದ್ದ ಖರ್ಚೂ ಒಂದೇ. ಮೊದಲನೆಯದರಲ್ಲಿ ಹೆಚ್ಚುಕಡಿಮೆ ಅರ್ಧ ಕಸಕ್ಕೆ ಹೋಯಿತು, ಎರಡನೆಯದರಲ್ಲಿ ಹತ್ತರಲ್ಲಿ ಒಂದು.

ಹೊಸ ತಯಾರಿಕಾ ವಿಧಾನ ಶುರುವಾದಾಗ ದೋಷ ಯಾವಾಗಲೂ ಜಾಸ್ತಿ. ಸಾವಿರಾರು ಬಿಲ್ಲೆ ಓಡಿಸಿ, ಹಾಳಾದ ಚಿಪ್‌ಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಯಾವ ಹಂತದಲ್ಲಿ ಎಡವಟ್ಟಾಯಿತು ಅಂತ ಹುಡುಕಿ ಹುಡುಕಿ ಅದನ್ನು ಇಳಿಸುತ್ತಾ ಹೋಗಬೇಕು. ಬೇರೆ ದಾರಿ ಇಲ್ಲ. ಹಾಗಾಗಿ ಹೊಸ ವಿಧಾನದ ಎಳೆಯ ದಿನಗಳಲ್ಲೇ, ಸಣ್ಣ ಗಾತ್ರದ ಚಿಪ್ಪಿಗೆ, ಕೋಟಿಗಟ್ಟಲೆ ಬೇಡಿಕೆ ಕೊಡುವ ಗಿರಾಕಿ ಇದ್ದರೆ ಅದು ಕಾರ್ಖಾನೆಗೆ ದೊಡ್ಡ ಭಾಗ್ಯ. ಫೋನ್ ಚಿಪ್ ಅಂದರೆ ಅದೇ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಶುರುವಿಗೆ ಹೋಗೋಣ. 1968ರ ಜುಲೈನಲ್ಲಿ ರಾಬರ್ಟ್ ನಾಯ್ಸ್, ಗಾರ್ಡನ್ ಮೂರ್ ಇಬ್ಬರೂ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಬಿಟ್ಟು ಕ್ಯಾಲಿಫೋರ್ನಿಯಾದ ಮೌಂಟೇನ್ ವ್ಯೂನಲ್ಲಿ ಇಂಟೆಲ್ ಕಟ್ಟಿದರು. ಹಂಗೇರಿಯಿಂದ ನಿರಾಶ್ರಿತನಾಗಿ ಅಮೆರಿಕಕ್ಕೆ ಬಂದಿದ್ದ ಆಂಡಿ ಗ್ರೋವ್ ಮೊದಲ ದಿನಗಳಲ್ಲೇ ಜತೆಯಾದರು. ಪ್ರೊಸೆಸರ್ ಮಾಡುವ ಯೋಚನೆ ಆಗ ಯಾರ ತಲೆಯಲ್ಲೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಮೆಮೊರಿ. ಆ ಕಾಲದ ಕಂಪ್ಯೂಟರ್‌ಗಳಲ್ಲಿ ಮೆಮೊರಿ ಅಂದರೆ ತಂತಿಗೆ ಪೋಣಿಸಿದ ಪುಟ್ಟ ಕಾಂತದ ಬಳೆಗಳು. ಒಂದು ಬಳೆಗೆ ಒಂದು ಬಿಟ್. 1970ರಲ್ಲಿ ಬಂದ ಇಂಟೆಲ್ 1103 ಅನ್ನುವ ಡೈನಮಿಕ್ ರ‍್ಯಾಮ್ ಚಿಪ್ ಒಂದರಲ್ಲೇ 1,024 ಬಿಟ್ ಇದ್ದವು. ಕೆಲವೇ ವರ್ಷಗಳಲ್ಲಿ ಕಾಂತದ ಬಳೆಗಳ ಕಾಲ ಮುಗಿಯಿತು.

ಪ್ರೊಸೆಸರ್ ಬಂದದ್ದು ಒಂದು ಗಿರಾಕಿಯ ಕೆಲಸದ ನಡುವೆ. ಜಪಾನಿನ ಬಿಸಿಕಾಮ್ ಕಂಪನಿಗೆ ತನ್ನ ಕ್ಯಾಲ್ಕ್ಯುಲೇಟರ್‌ಗಳಿಗೆ ಹಲವು ಬೇರೆ ಬೇರೆ ಚಿಪ್ ಬೇಕಿದ್ದವು. ಅಷ್ಟೆಲ್ಲ ಯಾಕೆ, ಬರೆದ ಸೂಚನೆಗಳನ್ನು ಪಾಲಿಸುವ ಒಂದೇ ಸಾಮಾನ್ಯ ಚಿಪ್ ಮಾಡೋಣ ಅಂತ ಟೆಡ್ ಹಾಫ್ ಹೇಳಿದರು. ಫೆಡರಿಕೊ ಫಾಗಿನ್ ಅದನ್ನು ಸಿಲಿಕಾನ್‌ಗೆ ಇಳಿಸಿದರು. ಸ್ಟ್ಯಾನ್ ಮೇಜರ್, ಬಿಸಿಕಾಮ್ ಕಡೆಯಿಂದ ಮಸತೋಶಿ ಶಿಮಾ ಕೂಡ ಕೈ ಜೋಡಿಸಿದರು. 1971ರ ನವೆಂಬರ್‌ನಲ್ಲಿ ಬಂದ ಆ 4004 ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್, ಅಂದರೆ ವಿದ್ಯುತ್ತಿನ ಪುಟ್ಟ ಸ್ವಿಚ್ಚುಗಳು ಇದ್ದವು. ಹಕ್ಕು ಮೊದಲು ಬಿಸಿಕಾಮ್ ಬಳಿ ಇತ್ತು. 60,000 ಡಾಲರ್ ಹಿಂದಿರುಗಿಸಿ ಇಂಟೆಲ್ ಆ ಹಕ್ಕನ್ನು ವಾಪಸ್ ಪಡೆಯಿತು. ಚಿಪ್ ಇತಿಹಾಸದಲ್ಲಿ ಇದಕ್ಕಿಂತ ಲಾಭದ ವ್ಯವಹಾರ ನನಗಂತೂ ಹೊಳೆಯುತ್ತಿಲ್ಲ.

ಆಮೇಲೆ 8008, 8080 ಬಂದವು. 1978ರಲ್ಲಿ 8086 ಬಂತು. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಓಡುತ್ತಿದ್ದರೆ ಬಹುಪಾಲು ಅದರ ಪ್ರೊಸೆಸರ್ ಮಾತಾಡುವುದು ಈ 8086ರ ವಂಶದ ಭಾಷೆಯನ್ನೇ. ಅದರ ತಮ್ಮ 8088. ಒಳಗೆಲ್ಲ ಅದೇ, ಹೊರಗಿನ ದಾರಿ ಮಾತ್ರ 16 ಬಿಟ್ ಬದಲು 8 ಬಿಟ್. ಹಾಗಾಗಿ ಸುತ್ತಲಿನ ಬಿಡಿಭಾಗಗಳು ಅಗ್ಗಕ್ಕೆ ಸಿಗುತ್ತಿದ್ದವು. ಐಬಿಎಂ ಅದನ್ನೇ ಆರಿಸಿಕೊಂಡು 1981ರ ಆಗಸ್ಟ್ 12ರಂದು ತನ್ನ ಪಿಸಿ ಹೊರತಂದಿತು. ಒಬ್ಬರನ್ನೇ ನಂಬಿ ಕೂರಲು ಐಬಿಎಂಗೆ ಮನಸ್ಸಿರಲಿಲ್ಲ. ಎರಡನೇ ತಯಾರಕರೂ ಇರಲಿ ಅಂತ ಪಟ್ಟು ಹಿಡಿಯಿತು. 1982ರಲ್ಲಿ ಇಂಟೆಲ್ ತನ್ನ ವಿನ್ಯಾಸ ಮಾಡಿ ಮಾರುವ ಹಕ್ಕನ್ನು ಎಎಂಡಿ ಅನ್ನುವ ಇನ್ನೊಂದು ಚಿಪ್ ಕಂಪನಿಗೆ ಕೊಟ್ಟಿದ್ದು ಹೀಗೆ. ಎಎಂಡಿ ಇಂದಿಗೂ ಅದೇ ವಂಶದ ಚಿಪ್ ಮಾಡುತ್ತಿರುವುದರ ಬೇರು ಇಲ್ಲಿದೆ.

ಆ ಹೊತ್ತಿನಲ್ಲೇ ಇನ್ನೊಂದು ನಡೆಯಿತು, ಅದನ್ನು ಈಗ ಯಾರೂ ಹೆಚ್ಚು ನೆನೆಯುವುದಿಲ್ಲ. ಇಂಟೆಲ್ ಕೈಯಲ್ಲಿ ದುಡ್ಡು ಸಾಲದೆ ಬಂದಾಗ ಐಬಿಎಂ 25 ಕೋಟಿ ಡಾಲರ್ ಕೊಟ್ಟು ಅದರ ಶೇ. 12ರಷ್ಟು ಷೇರು ಕೊಂಡಿತು. ತನಗೆ ಚಿಪ್ ಕೊಡುವವನು ಮುಳುಗಬಾರದು ಅನ್ನುವುದೇ ಕಾರಣ. ಕೆಲವು ವರ್ಷಗಳಾದ ಮೇಲೆ ಮಾರಿತು. ಹೊರಗಿನವರು ದುಡ್ಡು ಹಾಕಿ ಇಂಟೆಲ್ ಅನ್ನು ನಿಲ್ಲಿಸಿದ್ದು 2025ರಲ್ಲೇ ಮೊದಲು ಅಂತ ಅಂದುಕೊಳ್ಳಬೇಕಿಲ್ಲ.

1980ರ ದಶಕದ ನಡುವೆ ಮೆಮೊರಿ ವ್ಯಾಪಾರ ಕುಸಿಯಿತು. ಜಪಾನಿನ ಕಂಪನಿಗಳು ಅದೇ ಡೈನಮಿಕ್ ರ‍್ಯಾಮ್ ಅನ್ನು ಕಡಿಮೆ ದೋಷದಲ್ಲಿ, ಕಡಿಮೆ ಬೆಲೆಗೆ ಮಾಡಿ ಸುರಿದವು. ಇಂಟೆಲ್ ಹುಟ್ಟಿದ್ದೇ ಮೆಮೊರಿಗಾಗಿ, ಬಿಡುವುದು ಹೇಗೆ? ನಮ್ಮನ್ನು ತೆಗೆದುಹಾಕಿ ಆಡಳಿತ ಮಂಡಳಿ ಹೊಸಬರನ್ನು ತಂದರೆ ಅವರು ಏನು ಮಾಡುತ್ತಾರೆ ಅಂತ ಗ್ರೋವ್ ಒಂದು ದಿನ ಮೂರ್ ಅವರನ್ನು ಕೇಳಿದರಂತೆ. ಮೆಮೊರಿಯಿಂದ ಹೊರಬರುತ್ತಾರೆ ಅಂತ ಮೂರ್ ತಡಮಾಡದೆ ಹೇಳಿದರು. ಹಾಗಾದರೆ ನಾವೇ ಬಾಗಿಲಿನಿಂದ ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಅದನ್ನು ಮಾಡಬಾರದೇಕೆ ಅಂದರು ಗ್ರೋವ್. 1985ರಲ್ಲಿ ಇಂಟೆಲ್ ಡೈನಮಿಕ್ ರ‍್ಯಾಮ್ ಬಿಟ್ಟಿತು. ಸಾವಿರಾರು ಜನರ ಕೆಲಸ ಹೋಯಿತು. ಅದೇ ವರ್ಷ 2.75 ಲಕ್ಷ ಟ್ರಾನ್ಸಿಸ್ಟರ್‌ಗಳ 386 ಬಂತು. ಈ ಸಲ ಎಎಂಡಿಗೆ ಹಕ್ಕು ಕೊಡಲಿಲ್ಲ. ಐಬಿಎಂ ಹಿಂದೆಮುಂದೆ ನೋಡುತ್ತಿದ್ದಾಗ 1986ರಲ್ಲಿ ಕಾಂಪ್ಯಾಕ್ ಮೊದಲು 386 ಪಿಸಿ ಮಾರಿತು. ಅಲ್ಲಿಂದ ಪಿಸಿಯ ಲಗಾಮು ಐಬಿಎಂ ಕೈಯಿಂದ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕೈಗೆ ಬಂತು.

ಮುಂದಿನ ಹದಿನೈದು ವರ್ಷ ಇಂಟೆಲ್‌ನ ಹಬ್ಬ. 1989ರಲ್ಲಿ 12 ಲಕ್ಷ ಟ್ರಾನ್ಸಿಸ್ಟರ್‌ಗಳ 486. 1991ರಲ್ಲಿ ಇಂಟೆಲ್ ಇನ್‌ಸೈಡ್ ಜಾಹೀರಾತು. ಪೆಟ್ಟಿಗೆಯೊಳಗೆ ಅಡಗಿರುವ, ಯಾರೂ ನೋಡದ ಒಂದು ಬಿಡಿಭಾಗದ ಹೆಸರನ್ನು ಜನ ಅಂಗಡಿಯಲ್ಲಿ ಕೇಳಿ ಪಡೆಯುವಂತೆ ಅದು ಮಾಡಿತು. 1993ರಲ್ಲಿ 31 ಲಕ್ಷ ಟ್ರಾನ್ಸಿಸ್ಟರ್‌ಗಳ ಪೆಂಟಿಯಂ. ಆ ತಂಡವನ್ನು ಮುನ್ನಡೆಸಿದವರಲ್ಲಿ ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಒಬ್ಬರು.

ಪೆಂಟಿಯಂ ಅಂದಾಗ ಆ ಭಾಗಾಕಾರದ ತಪ್ಪನ್ನು ಹೇಳಲೇಬೇಕು. ಇದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. 41,95,835 ಅನ್ನು 31,45,727ರಿಂದ ಭಾಗಿಸಿ. ಸರಿಯಾದ ಉತ್ತರ 1.33382. ಬಂದ ಉತ್ತರವನ್ನು ಮತ್ತೆ 31,45,727ರಿಂದ ಗುಣಿಸಿ, ಮೊದಲ ಸಂಖ್ಯೆಯಿಂದ ಕಳೆದರೆ ಸೊನ್ನೆ ಬರಬೇಕು. ದೋಷವಿದ್ದ ಪೆಂಟಿಯಂನಲ್ಲಿ ಭಾಗಲಬ್ಧ 1.33373 ಅಂತ ಬರುತ್ತಿತ್ತು, ಕೊನೆಗೆ ಉಳಿಯುತ್ತಿದ್ದದ್ದು 256. ಭಾಗಾಕಾರಕ್ಕೆ ಅಂತ ಚಿಪ್ಪಿನೊಳಗೆ ಒಂದು ಕೋಷ್ಟಕ ಇರುತ್ತದೆ. ಅದರಲ್ಲಿ 1,066 ಮನೆ ತುಂಬಬೇಕಿತ್ತು, ಐದು ಖಾಲಿ ಉಳಿದಿದ್ದವು. ವರ್ಜೀನಿಯಾದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುವಾಗ ಇದು ಸಿಕ್ಕಿಬಿತ್ತು. ಸಾಮಾನ್ಯ ಬಳಕೆದಾರನಿಗೆ 27,000 ವರ್ಷಕ್ಕೊಮ್ಮೆ ಎದುರಾಗಬಹುದು, ಅಷ್ಟೇ ಅಂತ ಇಂಟೆಲ್ ಹೇಳಿತು. ಜನ ಒಪ್ಪಲಿಲ್ಲ, ಐಬಿಎಂ ಪೆಂಟಿಯಂ ಪಿಸಿ ಕಳಿಸುವುದನ್ನೇ ನಿಲ್ಲಿಸಿತು. 1994ರ ಡಿಸೆಂಬರ್‌ನಲ್ಲಿ, ಕೇಳಿದ ಎಲ್ಲರಿಗೂ ಚಿಪ್ ಬದಲಿಸಿ ಕೊಡುತ್ತೇವೆ ಅಂತ ಇಂಟೆಲ್ ಹೇಳಬೇಕಾಯಿತು. ಖರ್ಚು 47.5 ಕೋಟಿ ಡಾಲರ್.

ಅಷ್ಟು ದೊಡ್ಡ ಪೆಟ್ಟು ತಿಂದರೂ ಇಂಟೆಲ್ ಅಲುಗಾಡಲಿಲ್ಲ. ಯಾಕೆ ಅಂದರೆ ಪಿಸಿ ಮಾರಾಟ ಏರುತ್ತಲೇ ಇತ್ತು. ಆಗ ಸನ್, ಡೆಕ್, ಎಚ್‌ಪಿ, ಮಿಪ್ಸ್ ಇವರೆಲ್ಲ ಎಂಜಿನಿಯರ್‌ಗಳ ಬಲವಾದ ಕಂಪ್ಯೂಟರ್‌ಗಳಿಗಾಗಿ ಮಾಡುತ್ತಿದ್ದ ವರ್ಕ್‌ಸ್ಟೇಶನ್ ಚಿಪ್‌ಗಳು ವಿನ್ಯಾಸದಲ್ಲಿ ಇಂಟೆಲ್‌ಗಿಂತ ಚೊಕ್ಕವಾಗಿದ್ದವು. ಡೆಕ್‌ನ ಆಲ್ಫಾ ವೇಗವನ್ನು ಇವತ್ತಿಗೂ ಪ್ರೀತಿಯಿಂದ ನೆನೆಯುವ ಎಂಜಿನಿಯರ್‌ಗಳಿದ್ದಾರೆ. ಆದರೆ ಅವರದು ಸಣ್ಣ ಮಾರುಕಟ್ಟೆ. ಇಂಟೆಲ್‌ನದು ಕೋಟಿಗಳಲ್ಲಿ. ಅಷ್ಟು ಚಿಪ್ ಮಾಡಿದ್ದರಿಂದ ಕಾರ್ಖಾನೆ ಕಲಿಯಿತು, ಬಂದ ದುಡ್ಡಿನಿಂದ ಮುಂದಿನ ಕಾರ್ಖಾನೆ ಎದ್ದಿತು, ಅದರಿಂದ ಇನ್ನೂ ಸಣ್ಣ, ಇನ್ನೂ ಅಗ್ಗದ ಟ್ರಾನ್ಸಿಸ್ಟರ್ ಸಿಕ್ಕಿತು. ಒಂದು ಕಾರ್ಖಾನೆಯಲ್ಲಿ ಸರಿಹೋದ ವಿಧಾನವನ್ನು ಇನ್ನೊಂದರಲ್ಲಿ ಯಥಾವತ್ತಾಗಿ, ಯಂತ್ರದ ಮಾದರಿ, ಕೊಳವೆಗಳ ಜೋಡಣೆ ಎಲ್ಲ ಸೇರಿಸಿ ನಕಲು ಮಾಡುವುದು ಅಲ್ಲಿನ ಕಟ್ಟುನಿಟ್ಟಿನ ಪದ್ಧತಿ. ಕಲಿತ ಪಾಠ ಎಲ್ಲೂ ಸೋರಿ ಹೋಗಬಾರದಲ್ಲ. 1995ರ ಪೆಂಟಿಯಂ ಪ್ರೋ ಬಂದ ಮೇಲೆ ವರ್ಕ್‌ಸ್ಟೇಶನ್ ಚಿಪ್‌ಗಳು ಒಂದೊಂದಾಗಿ ಹಿಂದೆ ಸರಿದವು.

ತಪ್ಪುಗಳು ಆಗಲೂ ಆದವು. ಪೆಂಟಿಯಂ 4 ಅನ್ನು 10 ಗಿಗಾಹರ್ಟ್ಸ್ ಕಡೆಗೆ ಓಡಿಸುವ ಆಸೆ ಇತ್ತು, ಶಾಖ ತಡೆಯಲಾಗದೆ 3.8ಕ್ಕೆ ನಿಂತಿತು. ಎಚ್‌ಪಿ ಜತೆ ಸೇರಿ ಮಾಡಿದ 64 ಬಿಟ್‌ನ ಇಟಾನಿಯಂಗೆ ಹಳೆಯ ಪ್ರೋಗ್ರಾಂಗಳು ಹೊಂದಲಿಲ್ಲ. ಅದೇ ಹೊತ್ತಿಗೆ 2003ರಲ್ಲಿ ಎಎಂಡಿ 8086ರ ಹಳೆಯ ಭಾಷೆಯನ್ನೇ 64 ಬಿಟ್‌ಗೆ ಹಿಗ್ಗಿಸಿತು, ಕೊನೆಗೆ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಆದರೂ 2006ರಲ್ಲಿ ಇಸ್ರೇಲ್ ತಂಡದ ವಿನ್ಯಾಸದಿಂದ ಬಂದ ಕೋರ್ 2 ಎಲ್ಲವನ್ನೂ ಸರಿ ಮಾಡಿತು. ವಿನ್ಯಾಸದ ತಪ್ಪನ್ನು ಎರಡು ಮೂರು ವರ್ಷದಲ್ಲಿ ತಿದ್ದಬಹುದು. ಕಾರ್ಖಾನೆ ಮುಂದಿದ್ದರೆ ಅಷ್ಟು ಸಮಯ ಸಿಗುತ್ತದೆ.

ಈಗ ಐಫೋನ್ ವಿಷಯ. ಆಪಲ್ ಆಗಷ್ಟೇ ತನ್ನ ಮ್ಯಾಕ್‌ಗಳನ್ನು ಇಂಟೆಲ್ ಚಿಪ್‌ಗೆ ಬದಲಿಸುತ್ತಿತ್ತು, ಹಾಗಾಗಿ ಫೋನ್ ಚಿಪ್ ಮಾಡಿಕೊಡುತ್ತೀರಾ ಅಂತಲೂ ಕೇಳಿತು. ಆಗಿನ ಮುಖ್ಯಸ್ಥ ಪಾಲ್ ಒಟೆಲ್ಲಿನಿ 2013ರಲ್ಲಿ ಕೆಲಸ ಬಿಡುವ ಹೊತ್ತಿಗೆ ಇದನ್ನು ತಾವೇ ಬಿಚ್ಚಿ ಹೇಳಿದರು. ಆಪಲ್ ಹೇಳಿದ ಬೆಲೆ ಇಂಟೆಲ್ ಅಂದಾಜು ಮಾಡಿದ್ದ ಖರ್ಚಿಗಿಂತ ಕಡಿಮೆ ಇತ್ತು. ಆಮೇಲೆ ನೋಡಿದರೆ ಆ ಅಂದಾಜೇ ತಪ್ಪು, ಮಾರಾಟವಂತೂ ಯಾರೂ ಊಹಿಸಿದ್ದಕ್ಕಿಂತ ನೂರು ಪಟ್ಟು. ತನ್ನ ಮನಸ್ಸು ಮಾಡು ಅಂದಿತ್ತು, ಲೆಕ್ಕ ಬೇಡ ಅಂದಿತ್ತು ಅಂತ ಅವರು ಪಶ್ಚಾತ್ತಾಪ ಪಟ್ಟರು. 2006ರಲ್ಲೇ ಇಂಟೆಲ್ ತನ್ನಲ್ಲಿದ್ದ ಫೋನ್ ಚಿಪ್ ವಿಭಾಗ ಎಕ್ಸ್‌ಸ್ಕೇಲ್ ಅನ್ನು 60 ಕೋಟಿ ಡಾಲರ್‌ಗೆ ಮಾರ್ವೆಲ್ ಅನ್ನುವ ಚಿಪ್ ಕಂಪನಿಗೆ ಮಾರಿಬಿಟ್ಟಿತು.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಕೈತಪ್ಪಿದ ಲಾಭವನ್ನಷ್ಟೇ ಎಣಿಸುತ್ತಾರೆ. ನನ್ನ ಪ್ರಕಾರ ಕೈತಪ್ಪಿದ ಕಲಿಕೆ ಅದಕ್ಕಿಂತ ದೊಡ್ಡದು. ಮೇಲೆ ಹೇಳಿದ ವೇಫರ್ ಲೆಕ್ಕ ನೆನಪಿಸಿಕೊಳ್ಳಿ. ಕೋಟಿಗಟ್ಟಲೆ ಸಣ್ಣ ಚಿಪ್‌ಗಳು, ಪ್ರತಿ ವರ್ಷ ತಪ್ಪದೆ, ಹೊಸ ವಿಧಾನಕ್ಕೆ ಮೊದಲ ಗಿರಾಕಿಯಾಗಿ. ಆ ಬೇಡಿಕೆ ಹೋಗಿ ಸೇರಿದ್ದು ಮೊದಲು ಸ್ಯಾಮ್‌ಸಂಗ್, ಆಮೇಲೆ 2014ರ ಐಫೋನ್ 6ರಿಂದ ತೈವಾನಿನ ಟಿಎಸ್‌ಎಂಸಿ ಹತ್ತಿರ.

ಟಿಎಸ್‌ಎಂಸಿ ಶುರುವಾದದ್ದು 1987ರಲ್ಲಿ. ಕಟ್ಟಿದ ಮಾರಿಸ್ ಚಾಂಗ್ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಹಲವು ವರ್ಷ ದುಡಿದವರು. ನಾವು ನಮ್ಮ ಹೆಸರಿನ ಚಿಪ್ ಮಾಡುವುದಿಲ್ಲ, ಬೇರೆಯವರ ವಿನ್ಯಾಸವನ್ನು ಮಾತ್ರ ಮಾಡಿಕೊಡುತ್ತೇವೆ ಅನ್ನುವುದು ಅವರ ಯೋಚನೆ. ಬಂಡವಾಳ ಹಾಕಿ ಅಂತ ಇಂಟೆಲ್ ಅನ್ನೂ ಕೇಳಿದ್ದರು. ಇಂಟೆಲ್ ಹಾಕಲಿಲ್ಲ, ಫಿಲಿಪ್ಸ್ ಹಾಕಿತು. ಗಿರಾಕಿಯ ಜತೆ ಪೈಪೋಟಿಗೆ ಇಳಿಯದ ತಯಾರಕ ಅನ್ನುವ ನಂಬಿಕೆ ಬೆಳೆದ ಮೇಲೆ ಕ್ವಾಲ್ಕಾಮ್, ಎನ್ವಿಡಿಯಾ, ಆಪಲ್, ಎಎಂಡಿ ಎಲ್ಲರೂ ಅಲ್ಲಿಗೆ ಬಂದರು. ಒಬ್ಬರ ಚಿಪ್‌ನಲ್ಲಿ ಕಲಿತದ್ದು ಇನ್ನೊಬ್ಬರ ಚಿಪ್‌ಗೆ ಬಂತು. ಹಿಂದೆ ಪಿಸಿ ಬಲದಿಂದ ಇಂಟೆಲ್ ವರ್ಕ್‌ಸ್ಟೇಶನ್‌ಗಳನ್ನು ಹಿಂದಿಕ್ಕಿತ್ತಲ್ಲ, ಈಗ ಫೋನ್ ಬಲದಿಂದ ಟಿಎಸ್‌ಎಂಸಿ ಇಂಟೆಲ್ ಅನ್ನು ಹಾಗೆಯೇ ಹಿಂದಿಕ್ಕಲು ಹೊರಟಿತ್ತು. ಒಳಗಿದ್ದವರಿಗೆ ಅದು ಬೇಗ ಕಾಣಲಿಲ್ಲ, ಏಕೆಂದರೆ ಪಿಸಿ ಮತ್ತು ಸರ್ವರ್ ಚಿಪ್‌ಗಳಿಂದ ಬರುವ ಲಾಭ ವರ್ಷ ವರ್ಷವೂ ಚೆನ್ನಾಗಿಯೇ ಇತ್ತು. ಆ ಲಾಭದಲ್ಲಿ ದೊಡ್ಡ ಪಾಲು ತನ್ನದೇ ಷೇರುಗಳನ್ನು ವಾಪಸ್ ಕೊಳ್ಳಲು ಹೋಯಿತು. ಇದು ನನಗೆ ಈಗಲೂ ಹೊಟ್ಟೆ ಉರಿಸುವ ಸಂಗತಿ.

ಇಂಟೆಲ್ ತಡವಾಗಿ ಫೋನ್ ಕಡೆ ತಿರುಗಿದಾಗ ತನ್ನ ಆಟಂ ಚಿಪ್ ಅನ್ನು ತಯಾರಕರಿಗೆ ರಿಯಾಯಿತಿ ಕೊಟ್ಟು ತುಂಬಬೇಕಾಯಿತು. 2013 ಮತ್ತು 2014 ಎರಡೇ ವರ್ಷದಲ್ಲಿ ಆ ವಿಭಾಗ 700 ಕೋಟಿ ಡಾಲರ್‌ಗಿಂತ ಜಾಸ್ತಿ ಕಳೆದುಕೊಂಡಿತು. 2016ರಲ್ಲಿ ಕೈಬಿಟ್ಟರು.

ಇನ್ನು 10 ನ್ಯಾನೊಮೀಟರ್. ತಯಾರಿಕಾ ವಿಧಾನಗಳ ಹೆಸರಿನಲ್ಲಿ ಈ ಸಂಖ್ಯೆ ಸಣ್ಣದಾದಷ್ಟೂ ವಿಧಾನ ಹೊಸದು. ಚಿಪ್ ಮೇಲೆ ಗೆರೆ ಮೂಡಿಸುವುದು ಬೆಳಕಿನಿಂದ. ಆಗ ಎಲ್ಲರೂ ಬಳಸುತ್ತಿದ್ದದ್ದು 193 ನ್ಯಾನೊಮೀಟರ್ ತರಂಗದ ಬೆಳಕು. ಅದರಿಂದ ಅಷ್ಟು ಸಣ್ಣ ಗೆರೆ ಒಂದೇ ಸಲಕ್ಕೆ ಬರುವುದಿಲ್ಲ. ದಪ್ಪ ಕುಂಚದಿಂದ ಕೂದಲೆಳೆಯ ಗೆರೆ ಎಳೆದ ಹಾಗೆ. ಹಾಗಾಗಿ ಒಂದೇ ಪದರವನ್ನು ಹಲವು ಹಂತಗಳಲ್ಲಿ ಮೂಡಿಸಬೇಕು. ಪ್ರತಿ ಹಂತವೂ ಹಿಂದಿನದಕ್ಕೆ ಕೂದಲು ಕೊಂಕದಂತೆ ಹೊಂದಬೇಕು. ಇದಕ್ಕೆ ಪರಿಹಾರವಾಗಿ ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್ 13.5 ನ್ಯಾನೊಮೀಟರ್ ಬೆಳಕಿನ ಯಂತ್ರ ಕಟ್ಟುತ್ತಿತ್ತು. ಅದೊಂದು ವಿಸ್ಮಯವೇ. ತವರದ ಸಣ್ಣ ಸಣ್ಣ ಹನಿಗಳನ್ನು ಸೆಕೆಂಡಿಗೆ 50,000ದಂತೆ ಬೀಳಿಸಿ, ಪ್ರತಿ ಹನಿಗೂ ಲೇಸರ್ ಹೊಡೆದು, ಅದು ಉರಿದಾಗ ಬರುವ ಬೆಳಕನ್ನು ಕನ್ನಡಿಗಳಿಂದ ಹಿಡಿದು ತರುತ್ತಾರೆ. ಆ ಯಂತ್ರ ಬೇಗ ಬರಲಿ ಅಂತ 2012ರಲ್ಲಿ ಇಂಟೆಲ್ ತಾನೇ ಎಎಸ್‌ಎಂಎಲ್‌ನಲ್ಲಿ ದೊಡ್ಡ ಮೊತ್ತ ಹಾಕಿತ್ತು. ಹಾಗಿದ್ದೂ 10 ನ್ಯಾನೊಮೀಟರ್‌ಗೆ ಅದನ್ನು ಕಾಯದೆ ಹಳೆಯ ಬೆಳಕಿನಲ್ಲೇ ಹೊರಟಿತು. ಸಾಲದ್ದಕ್ಕೆ ಟ್ರಾನ್ಸಿಸ್ಟರ್ ಸಾಂದ್ರತೆಯನ್ನು ಒಂದೇ ನೆಗೆತಕ್ಕೆ 2.7 ಪಟ್ಟು ಏರಿಸುವ ಗುರಿ ಇಟ್ಟುಕೊಂಡಿತು. ಕೆಲವು ತಂತಿಗಳಿಗೆ ತಾಮ್ರದ ಬದಲು ಕೋಬಾಲ್ಟ್ ತಂದಿತು. ಒಂದೊಂದೂ ಕಷ್ಟದ ಕೆಲಸ, ಎಲ್ಲವನ್ನೂ ಒಟ್ಟಿಗೆ ಹಿಡಿದರೆ ದೋಷ ಎಲ್ಲಿಂದ ಬಂತು ಅಂತ ಹುಡುಕುವುದೇ ಆಗುವುದಿಲ್ಲ.

2016ಕ್ಕೆ ಬರಬೇಕಿದ್ದ 10 ನ್ಯಾನೊಮೀಟರ್ ಚಿಪ್ 2018ರಲ್ಲಿ ಹೆಸರಿಗೊಂದು ಬಂತು, ಲ್ಯಾಪ್‌ಟಾಪ್‌ಗಳಲ್ಲಿ ಸರಿಯಾಗಿ ಸಿಕ್ಕಿದ್ದು 2019ರಲ್ಲಿ. ಡೆಸ್ಕ್‌ಟಾಪ್‌ಗಳು 2021ರ ಶುರುವಿನಲ್ಲೂ 14 ನ್ಯಾನೊಮೀಟರ್‌ನಲ್ಲೇ ಇದ್ದವು. 2018ರಲ್ಲಿ ಟಿಎಸ್‌ಎಂಸಿ 7 ನ್ಯಾನೊಮೀಟರ್ ಐಫೋನ್ ಚಿಪ್ ಕೊಟ್ಟಾಗಿತ್ತು. 2019ರಲ್ಲಿ ಎಎಂಡಿಯ ರೈಜನ್ ಕೂಡ ಅದೇ ವಿಧಾನಕ್ಕೆ ಬಂತು. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ತಂದು ಮ್ಯಾಕ್‌ನಿಂದ ಇಂಟೆಲ್ ಅನ್ನು ಬಿಡಿಸಲು ಶುರುಮಾಡಿತು. ಆ ಚಿಪ್‌ನ ಬೇರು ಫೋನಿನಲ್ಲೇ ಇದೆ.

2021ರ ಫೆಬ್ರವರಿಯಲ್ಲಿ ಪ್ಯಾಟ್ ಗೆಲ್ಸಿಂಗರ್ ಮುಖ್ಯಸ್ಥರಾಗಿ ಇಂಟೆಲ್‌ಗೆ ವಾಪಸ್ ಬಂದರು. ಹದಿಹರೆಯದಲ್ಲಿ ತಂತ್ರಜ್ಞನಾಗಿ ಸೇರಿ, 486ರ ವಿನ್ಯಾಸಕ್ಕೆ ಕೈ ಹಚ್ಚಿದವರು. ನಾಲ್ಕು ವರ್ಷದಲ್ಲಿ ಐದು ತಯಾರಿಕಾ ವಿಧಾನ ಮುಗಿಸುತ್ತೇವೆ, ಬೇರೆಯವರಿಗೂ ಚಿಪ್ ಮಾಡಿಕೊಡುತ್ತೇವೆ ಅಂದರು. ರೋಗ ಅವರಿಗೆ ಸರಿಯಾಗಿಯೇ ಗೊತ್ತಿತ್ತು ಅಂತ ನಾನು ಹೇಳುತ್ತೇನೆ. ಸ್ವಂತ ಪಿಸಿ ಚಿಪ್‌ಗಳಿಂದ ಮಾತ್ರ ಕಾರ್ಖಾನೆ ಕಲಿಯಲು ಸಾಲದು, ಹೊರಗಿನ ಬೇಡಿಕೆ ಬೇಕು. ಆದರೆ ಬೇರೆಯವರಿಗೆ ಮಾಡಿಕೊಡುವುದು ಬೇರೆಯೇ ಕಸುಬು. ಇಂಟೆಲ್‌ನಲ್ಲಿ ವಿನ್ಯಾಸದವರು ಮತ್ತು ಕಾರ್ಖಾನೆಯವರು ಒಂದೇ ಮನೆಯವರು. ಏನಾದರೂ ಸಂದೇಹ ಬಂದರೆ ಹೋಗಿ ಕೇಳಿದರಾಯಿತು. ಹೊರಗಿನವರಿಗೆ ಹಾಗಲ್ಲ. ಟ್ರಾನ್ಸಿಸ್ಟರ್ ಹೇಗೆ ನಡೆದುಕೊಳ್ಳುತ್ತದೆ, ಯಾವ ಗೆರೆ ಎಷ್ಟು ದೂರ ಇರಬೇಕು, ಯಾವ ಸಿದ್ಧ ಬ್ಲಾಕ್ ಸಿಗುತ್ತದೆ ಅನ್ನುವುದೆಲ್ಲ ಎಲ್ಲರೂ ಬಳಸುವ ಸಾಫ್ಟ್‌ವೇರ್‌ಗೆ ಹೊಂದುವಂತೆ ಕೈಗೆ ಕೊಡಬೇಕು. ಕೊಟ್ಟ ದಿನಾಂಕಕ್ಕೆ ಕೊಡಬೇಕು. ನನ್ನ ವಿನ್ಯಾಸ ನೋಡಿ ನೀವೇ ನನಗೆ ಪೈಪೋಟಿ ಕೊಟ್ಟರೆ ಅನ್ನುವ ಅನುಮಾನವನ್ನೂ ಕಳೆಯಬೇಕು. ಟಿಎಸ್‌ಎಂಸಿ ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನೇ ಮಾಡಿದೆ.

ಕಾರ್ಖಾನೆ ಕಟ್ಟಲು ದುಡ್ಡು ನೀರಿನಂತೆ ಹೋಯಿತು, ಗಿರಾಕಿಗಳು ಬರಲಿಲ್ಲ. ಅಷ್ಟರಲ್ಲಿ ಸರ್ವರ್‌ಗೆ ಅಂತ ಇದ್ದ ದುಡ್ಡು ಎನ್ವಿಡಿಯಾ ಕಡೆ ಹರಿಯತೊಡಗಿತು. ಎಐ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಲ್ಯಾರಬೀ ಅನ್ನುವ ಗ್ರಾಫಿಕ್ಸ್ ಚಿಪ್ ಅನ್ನು ಮಾರುಕಟ್ಟೆಗೆ ತರುವ ಮೊದಲೇ 2009ರಲ್ಲಿ ಬಿಟ್ಟರು, ಆಮೇಲೆ ಎಐ ಚಿಪ್ ಕಂಪನಿ ನರ್ವಾನಾ ಕೊಂಡರು, ಅದನ್ನು ಬಿಟ್ಟು ಹಬಾನಾ ಕೊಂಡರು. ಒಂದು ದಾರಿಯಲ್ಲಿ ಹತ್ತು ವರ್ಷ ನಿಲ್ಲಲಿಲ್ಲ. 2024ರಲ್ಲಿ ಎಲ್ಲ ಒಟ್ಟಿಗೆ ಬಿತ್ತು. 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ತೆಗೆದುಕೊಂಡು ಹಾಳಾಗುತ್ತಿವೆ ಅಂತ ಗೊತ್ತಾಗಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು. 15,000 ಜನರನ್ನು ತೆಗೆಯುತ್ತೇವೆ ಅಂದರು. ಅಮೆರಿಕದ ಷೇರುಪೇಟೆಯ ಸೂಚ್ಯಂಕವಾದ ಡೌ ಜೋನ್ಸ್ ಪಟ್ಟಿಯಲ್ಲಿ ಇಂಟೆಲ್ ಜಾಗಕ್ಕೆ ಎನ್ವಿಡಿಯಾ ಬಂತು. ಆ ವರ್ಷದ ನಷ್ಟ ಸುಮಾರು 1,880 ಕೋಟಿ ಡಾಲರ್. ಅದೇ ವರ್ಷ ಬಂದ ಲೂನಾರ್ ಲೇಕ್, ಆರೋ ಲೇಕ್ ಪ್ರೊಸೆಸರ್‌ಗಳ ಮುಖ್ಯ ಭಾಗ ಟಿಎಸ್‌ಎಂಸಿಯಲ್ಲಿ ಮಾಡಿಸಿದ್ದು. ಡಿಸೆಂಬರ್ ಶುರುವಿನಲ್ಲಿ ಗೆಲ್ಸಿಂಗರ್ ಹೋದರು. 2025ರ ಮಾರ್ಚ್‌ನಲ್ಲಿ ಅವರ ಜಾಗಕ್ಕೆ, ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಮಾಡುವ ಕೇಡೆನ್ಸ್‌ನ ಮಾಜಿ ಮುಖ್ಯಸ್ಥ ಲಿಪ್-ಬು ಟಾನ್ ಬಂದರು. ಆಗಸ್ಟ್‌ನಲ್ಲಿ ಟ್ರಂಪ್ ಮೊದಲು ಟಾನ್ ರಾಜೀನಾಮೆ ಕೊಡಲಿ ಅಂದರು, ಕೆಲವು ದಿನಕ್ಕೆ ಅವರನ್ನು ಭೇಟಿಯಾದರು, ತಿಂಗಳು ಮುಗಿಯುವ ಮೊದಲೇ ಸರ್ಕಾರ ಷೇರುದಾರ.

ಸರ್ಕಾರಕ್ಕೆ ಇದು ಯಾಕೆ ಬೇಕಿತ್ತು? ಅತಿ ಮುಂದುವರಿದ ಚಿಪ್‌ಗಳಲ್ಲಿ ಬಹುಪಾಲು ತೈವಾನ್‌ನಲ್ಲಿ ಆಗುತ್ತವೆ. ಅಲ್ಲೇನಾದರೂ ಆದರೆ ಅಮೆರಿಕಕ್ಕೆ ಸ್ವಂತ ನೆಲದ, ಸ್ವಂತ ಕಂಪನಿಯ ಕಾರ್ಖಾನೆ ಬೇಕು. ಒಪ್ಪಂದದ ಒಂದು ಷರತ್ತನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಯಾರಿಕಾ ವಿಭಾಗದಲ್ಲಿ ಇಂಟೆಲ್‌ನ ಪಾಲು ಶೇ. 51ಕ್ಕಿಂತ ಕೆಳಗಿಳಿದರೆ, ಸರ್ಕಾರ ಇನ್ನೂ ಶೇ. 5ರಷ್ಟು ಷೇರನ್ನು 20 ಡಾಲರ್ ದರದಲ್ಲಿ ಕೊಳ್ಳಬಹುದು. ಐದು ವರ್ಷದ ಅವಧಿಗೆ ಈ ಷರತ್ತು. ಅಂದರೆ ವಿನ್ಯಾಸ ಬೇರೆ, ಕಾರ್ಖಾನೆ ಬೇರೆ ಅಂತ ಇಂಟೆಲ್ ಅನ್ನು ಎರಡು ಮಾಡಿ ಮಾರುವ ದಾರಿಗೆ ಇದೊಂದು ಬೇಲಿ. ಆ ರೀತಿ ಒಡೆಯಿರಿ ಅಂತ ಹೇಳುತ್ತಿದ್ದವರು ಕಡಿಮೆ ಇರಲಿಲ್ಲ. ನನಗೂ ಒಡೆಯುವುದು ಸರಿ ಅನಿಸಿತ್ತು, ಈಗ ಹಾಗನಿಸುವುದಿಲ್ಲ. ಇಂಟೆಲ್‌ನ ಸ್ವಂತ ಪಿಸಿ, ಸರ್ವರ್ ಚಿಪ್‌ಗಳನ್ನು ಬಿಟ್ಟರೆ ಆ ಕಾರ್ಖಾನೆಗಳಿಗೆ 2025ರಲ್ಲಿ ದೊಡ್ಡ ಗಿರಾಕಿಯೇ ಇರಲಿಲ್ಲ. ಇರುವ ಒಬ್ಬ ಗಿರಾಕಿಯನ್ನೂ ಬಿಡಿಸಿದರೆ ಕಲಿಯುವುದು ಯಾವುದರ ಮೇಲೆ?

ದುಡ್ಡು ಬಂತು, ಆದರೆ ದುಡ್ಡಿನಿಂದ ವೇಫರ್ ಬೇಡಿಕೆ ಬರುವುದಿಲ್ಲ. 1982ರಲ್ಲಿ ಐಬಿಎಂ ಷೇರು ಕೊಂಡಾಗ ಜತೆಗೆ ಚಿಪ್ಪನ್ನೂ ಕೊಳ್ಳುತ್ತಿತ್ತು, ವ್ಯತ್ಯಾಸ ಇರುವುದು ಇಲ್ಲೇ. ಎನ್ವಿಡಿಯಾ ಜತೆಗಿನ ಒಪ್ಪಂದದಲ್ಲಿ ಇಂಟೆಲ್ ಅದಕ್ಕಾಗಿ ಸರ್ವರ್ ಪ್ರೊಸೆಸರ್ ಮಾಡುತ್ತದೆ, ಪಿಸಿ ಚಿಪ್‌ಗಳಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಸೇರಿಸುತ್ತದೆ. ಎನ್ವಿಡಿಯಾ ತನ್ನ ಎಐ ಚಿಪ್‌ಗಳನ್ನು ಇಂಟೆಲ್ ಕಾರ್ಖಾನೆಯಲ್ಲಿ ಮಾಡಿಸುತ್ತೇನೆ ಅಂತ ಅದರಲ್ಲಿ ಹೇಳಲಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಅರಿಜೋನಾದ ಫ್ಯಾಬ್ 52 ಕಾರ್ಖಾನೆಯಲ್ಲಿ 18ಎ ಅನ್ನುವ ಹೊಸ ತಯಾರಿಕಾ ವಿಧಾನ ಓಡತೊಡಗಿದೆ. ಪ್ಯಾಂಥರ್ ಲೇಕ್ ಅನ್ನುವ ಲ್ಯಾಪ್‌ಟಾಪ್ ಚಿಪ್ಪಿನ ಮುಖ್ಯ ಭಾಗವನ್ನು ಅದರಲ್ಲೇ ಮಾಡಿ, ಚಿಪ್ಪನ್ನು 2026ರ ಜನವರಿಯಲ್ಲಿ ಬಿಡುಗಡೆ ಮಾಡಿದರು. ಇದರಲ್ಲಿ ವಿದ್ಯುತ್ ತಂತಿಗಳು ಚಿಪ್ಪಿನ ಹಿಂಬದಿಯಿಂದ ಬರುತ್ತವೆ. ಮುಂಬದಿಯಲ್ಲಿ ಸಂಕೇತದ ತಂತಿಗಳಿಗೆ ಜಾಗ ಸಲೀಸಾಗುತ್ತದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಇದನ್ನು ಮೊದಲು ತಂದದ್ದು ಇಂಟೆಲ್. ಎಂಜಿನಿಯರ್‌ಗಳಲ್ಲಿ ಇನ್ನೂ ಕಸುವಿದೆ ಅನ್ನುವುದಕ್ಕೆ ನನಗೆ ಇಷ್ಟು ಸಾಕು.

ಇನ್ನು ನೋಡಬೇಕಾದದ್ದು 18ಎ ಆದ ಮೇಲಿನ 14ಎ. ಹೊರಗಿನಿಂದ ಒಬ್ಬ ದೊಡ್ಡ ಗಿರಾಕಿಯೂ ಬರದಿದ್ದರೆ ಅದನ್ನು ನಿಲ್ಲಿಸಲೂಬಹುದು ಅಂತ 2025ರ ಜುಲೈನಲ್ಲೇ ಕಂಪನಿ ಬರವಣಿಗೆಯಲ್ಲಿ ಹೇಳಿಕೊಂಡಿದೆ. ಅದೇ ತಿಂಗಳು ಜರ್ಮನಿಯ ಮಾಗ್ಡೆಬರ್ಗ್ ಕಾರ್ಖಾನೆಯ ಯೋಜನೆ ಕೈಬಿಟ್ಟರು. ಓಹಿಯೊದ ಕಾರ್ಖಾನೆಯನ್ನೂ ನಿಧಾನ ಮಾಡಿದರು. ಅದರ ಮೊದಲ ಘಟಕ ಮುಗಿಯುವುದೇ 2030ಕ್ಕೆ. ಬೇಡಿಕೆ ಬಂದ ಮೇಲೇ ಕಟ್ಟುವುದು ಅನ್ನುವುದು ಟಾನ್ ನಿಲುವು. 14ಎಗೆ ಸಹಿ ಹಾಕುವ ಮೊದಲ ಹೊರಗಿನ ಗಿರಾಕಿ ಒಂದು ಫೋನ್ ಕಂಪನಿ ಆದರೆ, ಸಣ್ಣ ಚಿಪ್‌ಗಳನ್ನು ಕೋಟಿಗಟ್ಟಲೆ ಕೇಳಿದರೆ, ಇಪ್ಪತ್ತು ವರ್ಷದ ಹಿಂದೆ ಆಪಲ್ ತಂದಿದ್ದ ಕೆಲಸವೇ ಮತ್ತೆ ಬಾಗಿಲಿಗೆ ಬಂದಂತೆ ಆಗುತ್ತದೆ.